ಮೆನುವಿನಲ್ಲಿ ಕಾಣದ ಸ್ಕ್ರೈಬಸ್: ಬೆಟಗೇರಿಯ ಮುದ್ರಣಾಲಯವೊಂದರ ಪ್ರಕರಣ

"ನೀವು ಹಾಕಿಕೊಟ್ಟ ಪ್ರೋಗ್ರಾಂ ಕಳೆದುಹೋಗಿದೆ" ಎಂದು ಬೆಟಗೇರಿಯ ಮುದ್ರಣಾಲಯದ ಆಪರೇಟರ್ ಫೋನ್ ಮಾಡಿದಾಗ ಬೆಳಗಿನ ಹತ್ತೂವರೆ. ನಾನು ಹುಬ್ಬಳ್ಳಿಯಲ್ಲಿ ಇನ್ಯಾರದೋ ಪ್ರಿಂಟರ್ ಬಿಚ್ಚಿಕೊಂಡು ಕುಳಿತಿದ್ದೆ. ಕಳೆದುಹೋಗಲು ಅದೇನು ಚಪ್ಪಲಿಯೇ ಎಂದು ಮನಸ್ಸಿನಲ್ಲೇ ಅಂದುಕೊಂಡು, ಬಾಯಲ್ಲಿ "ಮೆನುವಿನಲ್ಲಿ ನೋಡಿ" ಎಂದೆ. "ಮೆನುವಿನಲ್ಲಿ ಅದು ಯಾವತ್ತೂ ಇರಲೇ ಇಲ್ಲವಲ್ಲ" ಎಂದರು ಆಕೆ. ಮಾತು ನಿಜವಾಗಿತ್ತು. ಆರು ವಾರ ಅವರು ಆ ಪ್ರೋಗ್ರಾಂ ಬಳಸಿದ್ದರು, ನಾನು ಎರಡು ಸಲ ಹೋಗಿ ನೋಡಿಬಂದಿದ್ದೆ, ಮೆನು ತೆರೆದು ನೋಡಬೇಕೆಂದು ಒಮ್ಮೆಯೂ ನನಗೆ ಹೊಳೆದಿರಲಿಲ್ಲ.

ಮುದ್ರಣಾಲಯ ದೊಡ್ಡದಲ್ಲ. ಲಗ್ನಪತ್ರಿಕೆ, ಜಾತ್ರೆಯ ಭಿತ್ತಿಪತ್ರ, ಬಿಲ್ ಪುಸ್ತಕ, ಸಹಕಾರ ಸಂಘಗಳ ವಾರ್ಷಿಕ ವರದಿ, ಇಷ್ಟು ಕೆಲಸ. ಗದಗ ಜಿಲ್ಲೆಯಲ್ಲಿ ವಾರ್ಷಿಕ ವರದಿಗಳಿಗೆ ಬರಗಾಲವಿಲ್ಲ. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಇದೇ ಜಿಲ್ಲೆಯ ಕಣಗಿನಹಾಳದಲ್ಲಿ. ಮೂರು ಕಂಪ್ಯೂಟರುಗಳಲ್ಲೂ ವಿಂಡೋಸ್ 7 ಓಡುತ್ತಿತ್ತು. ಅದಕ್ಕೆ ಭದ್ರತಾ ಪರಿಷ್ಕರಣೆ ನಿಂತದ್ದು 2020ರ ಜನವರಿಯಲ್ಲಿ. ವಿಂಡೋಸ್ 11 ಹಾಕೋಣವೆಂದರೆ ಆ ಹಳೆಯ ಯಂತ್ರಗಳು ಅದರ ಷರತ್ತುಗಳ ಹತ್ತಿರವೂ ಸುಳಿಯುವಂತಿರಲಿಲ್ಲ. ಹೀಗಾಗಿ 2024ರ ಮಳೆಗಾಲದಲ್ಲಿ ಎರಡು ಯಂತ್ರಗಳಿಗೆ ವಿಂಡೋಸ್ ಬದಲು ಡೆಬಿಯನ್ 12 ಎಂಬ ಲಿನಕ್ಸ್ ಹಾಕಿ, ಮೇಲೆ ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಕೂರಿಸಿದೆ. ಮೂರನೆಯದನ್ನು ಇಂಟರ್ನೆಟ್ ಕಿತ್ತು ಪೇಜ್‌ಮೇಕರ್ ಎಂಬ ಪುಟ ವಿನ್ಯಾಸದ ಪ್ರೋಗ್ರಾಂನ ಹಳೆಯ ಕಡತಗಳಿಗಾಗಿ ಹಾಗೆಯೇ ಬಿಟ್ಟೆವು. ಮಾಲೀಕರಿಗೆ ಅದು ತಾತ್ಕಾಲಿಕ ಏರ್ಪಾಡು. ಆಪರೇಟರ್ ಮುಖ ನೋಡಿದರೆ ಹಾಗೆ ಅನ್ನಿಸುತ್ತಿರಲಿಲ್ಲ. ಹದಿನೆಂಟು ವರ್ಷ ಪೇಜ್‌ಮೇಕರ್‌ನಲ್ಲಿ ಕೈ ಪಳಗಿಸಿಕೊಂಡವರು ಅವರು.

ಪೇಜ್‌ಮೇಕರ್ ಬದಲಿಗೆ ನಾನು ಕೊಟ್ಟದ್ದು ಸ್ಕ್ರೈಬಸ್, ಅದೂ ಪುಟ ವಿನ್ಯಾಸದ ಪ್ರೋಗ್ರಾಂ. ಸ್ಕ್ರೈಬಸ್‌ನ 1.4ರ ಸರಣಿಯಲ್ಲಿ ಕನ್ನಡದ ಒತ್ತಕ್ಷರಗಳು ಒತ್ತಾಗಿ ಕೂರುತ್ತಿರಲಿಲ್ಲ, ಪಕ್ಕಕ್ಕೆ ಬಂದು ನಿಲ್ಲುತ್ತಿದ್ದವು. 2017ರಲ್ಲಿ ಬಂದ 1.5.3ರಿಂದ ಆ ತೊಂದರೆ ಹೋಯಿತು. ಆದರೆ 1.5 ಎಂಬುದು ಅಭಿವೃದ್ಧಿಯ ಸರಣಿ. ಸ್ಥಿರ ಆವೃತ್ತಿಯಾಗಿ 1.6 ಬಂದದ್ದು 2024ರ ಜನವರಿಯಲ್ಲಿ. ಡೆಬಿಯನ್ 12 ಬಿಡುಗಡೆಯಾದದ್ದು 2023ರ ಜೂನ್‌ನಲ್ಲಿ, ಹಾಗಾಗಿ ಡೆಬಿಯನ್‌ನವರೇ ಪ್ರೋಗ್ರಾಂಗಳನ್ನು ಜೋಡಿಸಿಟ್ಟಿರುವ ಅದರ ಭಂಡಾರದಲ್ಲಿ ಇರುವುದು 1.5.8. ಮದುವೆ ಸುಗ್ಗಿಯಲ್ಲಿ ಅಭಿವೃದ್ಧಿ ಸರಣಿಯನ್ನು ನಂಬಿ ಕೂರುವುದು ಬೇಡವೆಂದು 1.6ರ ಆ್ಯಪ್‌ಇಮೇಜ್ ಇಳಿಸಿಕೊಟ್ಟೆ.

ಆ್ಯಪ್‌ಇಮೇಜ್ ಎಂದರೆ ಇಡೀ ಪ್ರೋಗ್ರಾಂ ಅನ್ನು ಗಂಟು ಕಟ್ಟಿದ ಒಂದೇ ಕಡತ. ಇನ್‌ಸ್ಟಾಲ್ ಎಂಬ ಶಾಸ್ತ್ರವೇ ಇಲ್ಲ: ಓಡುವ ಅನುಮತಿ ಕೊಟ್ಟು ಡಬಲ್ ಕ್ಲಿಕ್ ಮಾಡಿದರೆ ತೆರೆದುಕೊಳ್ಳುತ್ತದೆ. ಡೆಬಿಯನ್‌ನಲ್ಲಿ ಅದಕ್ಕೆ ಲಿಬ್‌ಫ್ಯೂಸ್2 ಎಂಬ ಸಣ್ಣ ಪ್ಯಾಕೇಜ್ ಬೇಕಾಗುತ್ತದೆ, ಅದನ್ನು ಹಾಕಿದ್ದೆ. ಹಾಕಿ, ತೆರೆದು, ಒಂದು ಮಾದರಿ ಲಗ್ನಪತ್ರಿಕೆ ತೋರಿಸಿ, ಕಡತವನ್ನು ಇಳಿದುಬಂದ ಜಾಗದಲ್ಲೇ, ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೇ ಬಿಟ್ಟು, ಸಂಜೆಯ ರೈಲು ಹಿಡಿದಿದ್ದೆ. ಈ ಪ್ರಕರಣದ ಮೊದಲ ತಪ್ಪು ಅದು, ಮಾಡಿದವನು ನಾನು.

ಅಂದು ಬೆಳಿಗ್ಗೆ ಡಿಸ್ಕಿನಲ್ಲಿ ಜಾಗ ಕಡಿಮೆಯಾಗಿದೆ ಎಂಬ ಎಚ್ಚರಿಕೆ ಬಂದಿತ್ತು. ಆಪರೇಟರ್ ಡೌನ್‌ಲೋಡ್ಸ್ ತೆರೆದು ಕಡತಗಳನ್ನು ಗಾತ್ರದ ಪ್ರಕಾರ ಜೋಡಿಸಿ, ಮೇಲಿನ ನಾಲ್ಕನ್ನು ಅಳಿಸಿ ಕಸದ ಬುಟ್ಟಿಯನ್ನೂ ಖಾಲಿ ಮಾಡಿದ್ದರು. ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಆದ ಮೇಲೆ ಸೆಟಪ್ ಕಡತ ಬರೀ ಸಿಪ್ಪೆ, ಅಳಿಸಿದರೆ ಏನೂ ಆಗುವುದಿಲ್ಲ. ಇಲ್ಲಿ ಸಿಪ್ಪೆಯೂ ಅದೇ, ಹಣ್ಣೂ ಅದೇ. ಆಕೆಯನ್ನು ದೂರುವಂತಿರಲಿಲ್ಲ. ಪ್ರೋಗ್ರಾಂ ಎಂದರೆ ಮೆನುವಿನಲ್ಲಿರುವುದು, ಡೌನ್‌ಲೋಡ್ಸ್‌ನಲ್ಲಿರುವುದು ಕಸ ಎಂಬ ಅವರ ತಿಳಿವಳಿಕೆ ಸರಿಯಾದದ್ದೇ. ಆ ತಿಳಿವಳಿಕೆಗೆ ತಕ್ಕ ಹಾಗೆ ಯಂತ್ರವನ್ನು ನಾನು ಸಜ್ಜುಗೊಳಿಸಿರಲಿಲ್ಲ.

ಅದೃಷ್ಟಕ್ಕೆ ನನ್ನ ಒಂದು ಪೆನ್‌ಡ್ರೈವ್ ಅವರ ಮೇಜಿನ ಡ್ರಾಯರ್‌ನಲ್ಲೇ ಉಳಿದಿತ್ತು, ಅದರಲ್ಲಿ ಆ್ಯಪ್‌ಇಮೇಜ್‌ನ ಪ್ರತಿ ಇತ್ತು. ಆಕೆಯ ಲಾಗಿನ್‌ಗೆ ಸೇರಿದ ಹೋಮ್ ಫೋಲ್ಡರ್‌ನಲ್ಲಿ ಹೊಸದೊಂದು ಫೋಲ್ಡರ್ ಮಾಡಿಸಿ ಅದರೊಳಗೆ ಹಾಕಿಸಿದೆ. ಡಬಲ್ ಕ್ಲಿಕ್ ಮಾಡಲೇ ಎಂದು ಕೇಳಿದರು. ಬೇಡ, ಇನ್ನು ಮುಂದೆ ಮೆನುವಿನಿಂದಲೇ ತೆರೆಯಬೇಕು, ಈಗಲೇ ಮೆನುವಿಗೆ ಸೇರಿಸೋಣ ಎಂದೆ. ಪಶ್ಚಾತ್ತಾಪಕ್ಕೆ ಹಟ ಸೇರಿದರೆ ಹೀಗೇ ಆಗುತ್ತದೆ; ಆ ಒಂದು ಡಬಲ್ ಕ್ಲಿಕ್‌ಗೆ ಬಿಟ್ಟಿದ್ದರೆ ಇನ್ನೊಂದು ದೋಷ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಮೆನುವಿಗೆ ಸೇರಿಸುವುದೆಂದರೆ ಒಂದು ಪುಟ್ಟ ಪಠ್ಯ ಕಡತ ಬರೆಯುವುದು. ಹೆಸರಿನ ಬಾಲಕ್ಕೆ ಡಾಟ್ ಡೆಸ್ಕ್‌ಟಾಪ್ ಎಂದಿರಬೇಕು. ಧಾರವಾಡದ ಇನ್ನೊಂದು ಕಚೇರಿಗಾಗಿ ಮಾಡಿದ್ದ ಒಂದು ಸ್ಕ್ರೈಬಸ್ ಕಡತ ನನ್ನಲ್ಲಿ ಸಿದ್ಧವಾಗಿತ್ತು. ಅಲ್ಲಿ ಭಂಡಾರದಿಂದ ಬಂದ ಸ್ಕ್ರೈಬಸ್ ಇತ್ತು. ಅದರ ಜೊತೆಗೇ ಬಂದ ಮೆನು ಕಡತವನ್ನು ನಕಲು ಮಾಡಿ ಕನ್ನಡದ ಹೆಸರು ಸೇರಿಸಿಟ್ಟಿದ್ದೆ. ಅದನ್ನೇ ಇ-ಮೇಲ್‌ನಲ್ಲಿ ಕಳಿಸಿ, ತಿದ್ದಬೇಕಾದ ಸಾಲನ್ನು, ಅಂದರೆ ಯಾವ ಪ್ರೋಗ್ರಾಂ ಓಡಿಸಬೇಕೆಂದು ಮೆನುವಿಗೆ ಹೇಳುವ ಸಾಲನ್ನು, ಫೋನಿನಲ್ಲಿ ಹೇಳತೊಡಗಿದೆ. ನಿಜವಾದ ಕಡತದಲ್ಲಿ ಈ ಪದಗಳೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಇರುತ್ತವೆ. ಫೋನಿನಲ್ಲಿ ಉಚ್ಚರಿಸಿದ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

"ಎಕ್ಸೆಕ್ ಎಂಬ ಸಾಲು ಹುಡುಕಿ. ಇ, ಎಕ್ಸ್, ಇ, ಸಿ."

"ಎರಡು ಇವೆ."

"ಬರೀ ಎಕ್ಸೆಕ್ ಎಂದಿರುವುದನ್ನು ನೋಡಿ. ಸಮ ಚಿಹ್ನೆಯ ಮುಂದೆ ಆ್ಯಪ್‌ಇಮೇಜ್‌ನ ಪೂರ್ತಿ ವಿಳಾಸ ಬರೆಯಿರಿ. ಮೊದಲು ಓರೆಗೆರೆ, ಆಮೇಲೆ ಹೋಮ್…"

ಎರಡು ಇವೆ ಎಂದು ಆಕೆ ಹೇಳಿದ್ದರು. ನಾನು ಕೇಳಿಸಿಕೊಂಡೂ ಕೇಳಿಸಿಕೊಳ್ಳಲಿಲ್ಲ.

ವಿಳಾಸವನ್ನು ಪೂರ್ತಿ ಬರೆಸಿದ್ದಕ್ಕೆ ಕಾರಣವಿದೆ. ಟರ್ಮಿನಲ್‌ನಲ್ಲಿ ಹೋಮ್ ಫೋಲ್ಡರ್‌ಗೆ ನಾವು ಬಳಸುವ ಅಲೆಗೆರೆಯ ಚಿಹ್ನೆ ಈ ಕಡತದೊಳಗೆ ನಡೆಯುವುದಿಲ್ಲ. ಅದನ್ನು ಬಿಡಿಸಿ ಓದುವುದು ಶೆಲ್‌ನ, ಅಂದರೆ ಟರ್ಮಿನಲ್‌ನಲ್ಲಿ ಹೊಡೆದ ಆದೇಶಗಳನ್ನು ನಡೆಸುವ ಪ್ರೋಗ್ರಾಂನ ಕೆಲಸ, ಮೆನುವಿಗೂ ಶೆಲ್‌ಗೂ ಇಲ್ಲಿ ಸಂಬಂಧವಿಲ್ಲ. ಈ ತಪ್ಪನ್ನು ಹಿಂದೆ ಮಾಡಿದ್ದರಿಂದ ಇಷ್ಟಾದರೂ ನೆನಪಿತ್ತು. ಕಡತವನ್ನು ಹೋಮ್‌ನಲ್ಲಿ ಅಡಗಿರುವ ಡಾಟ್ ಲೋಕಲ್, ಅದರೊಳಗಿನ ಶೇರ್, ಅದರೊಳಗಿನ ಅಪ್ಲಿಕೇಶನ್ಸ್ ಫೋಲ್ಡರ್‌ಗೆ ಹಾಕಿಸಿದೆ. ಅಡಗಿದ ಫೋಲ್ಡರುಗಳು ಕಾಣಲು ಕಂಟ್ರೋಲ್ ಜೊತೆ ಎಚ್ ಒತ್ತಿ ಎಂದಾಗ "ಇಷ್ಟೆಲ್ಲ ಇದರೊಳಗೆ ಇತ್ತೇ" ಎಂದು ಉದ್ಗರಿಸಿದರು.

ಮೆನು ತೆರೆದರು. ಸ್ಕ್ರೈಬಸ್ ಇಲ್ಲ.

ಇಲ್ಲಿಂದ ಮುಂದಿನ ಎರಡು ಗಂಟೆಯ ವೃತ್ತಾಂತ ಹೇಳಲು ನಾಚಿಕೆಯಾಗುತ್ತದೆ. ಹಿಂದಿನ ವಾರವಷ್ಟೇ ಅದೇ ಯಂತ್ರಕ್ಕೆ ಫ್ಲಾಟ್‌ಪ್ಯಾಕ್ ಎಂಬ ಇನ್ನೊಂದು ಇನ್‌ಸ್ಟಾಲ್ ವ್ಯವಸ್ಥೆಯ ಮೂಲಕ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಪ್ರೋಗ್ರಾಂ ಹಾಕಿದ್ದೆವು. ಅದೂ ಮೊದಲು ಮೆನುವಿನಲ್ಲಿ ಬಂದಿರಲಿಲ್ಲ. ಲಾಗ್‌ಔಟ್ ಆಗಿ ಮರಳಿದಾಗ ಬಂದಿತ್ತು. ಅದಕ್ಕೆ ಸರಿಯಾದ ಕಾರಣವಿತ್ತು. ಫ್ಲಾಟ್‌ಪ್ಯಾಕ್ ತನ್ನ ಮೆನು ಕಡತಗಳನ್ನು ತನ್ನದೇ ಬೇರೆ ಫೋಲ್ಡರ್‌ನಲ್ಲಿ ಇಡುತ್ತದೆ. ಆ ಫೋಲ್ಡರ್‌ನಲ್ಲೂ ಹುಡುಕು ಎಂದು ಡೆಸ್ಕ್‌ಟಾಪ್‌ಗೆ ಹೇಳುವ ಸೂಚನೆ ಲಾಗಿನ್ ಆಗುವಾಗ ಮಾತ್ರ ಸಿದ್ಧವಾಗುತ್ತದೆ. ಡೆಬಿಯನ್‌ನಲ್ಲಿ ಫ್ಲಾಟ್‌ಪ್ಯಾಕ್ ಮೊದಲೇ ಇರುವುದಿಲ್ಲ, ಆದ್ದರಿಂದ ಮೊದಲ ಸಲ ಹಾಕಿದಾಗ ಒಮ್ಮೆ ಹೊರಗೆ ಹೋಗಿ ಬರಲೇಬೇಕು. ಆ ಅನುಭವ ತಲೆಯಲ್ಲಿ ಹಸಿಯಾಗಿತ್ತು. ಹಾಗಾಗಿ ಇದೂ ಅದೇ ಕಾಯಿಲೆ ಎಂದು ತೀರ್ಮಾನಿಸಿ ಲಾಗ್‌ಔಟ್ ಮಾಡಿಸಿದೆ. ಬರಲಿಲ್ಲ. ಪ್ಯಾನೆಲ್ ಮರುಚಾಲನೆ ಮಾಡಿಸಿದೆ. ಬರಲಿಲ್ಲ. ಅಪ್‌ಡೇಟ್ ಡೆಸ್ಕ್‌ಟಾಪ್ ಡೇಟಾಬೇಸ್ ಎಂಬ ಆದೇಶವನ್ನು ಅಕ್ಷರ ಅಕ್ಷರ ಹೇಳಿ ಟೈಪ್ ಮಾಡಿಸಿದೆ. ಹೆಸರು ಕೇಳಿದರೆ ಮೆನುವಿಗೇ ಸಂಬಂಧಿಸಿದ್ದು ಅನ್ನಿಸುತ್ತದೆ, ಅಲ್ಲ. ಯಾವ ಬಗೆಯ ಕಡತವನ್ನು ಯಾವ ಪ್ರೋಗ್ರಾಂ ತೆರೆಯಬೇಕೆಂಬ ಪಟ್ಟಿಯನ್ನಷ್ಟೇ ಅದು ಕಟ್ಟುತ್ತದೆ. ಕೊನೆಗೆ ಕಂಪ್ಯೂಟರನ್ನೇ ಆಫ್ ಮಾಡಿ ಆನ್ ಮಾಡಿಸಿದೆ, ದಾರಿ ಕಾಣದವರೆಲ್ಲ ಮಾಡುವ ಹಾಗೆ. ಮೆನು ಕಡತದ ವ್ಯಾಕರಣ ಪರೀಕ್ಷಿಸುವ ಡೆಸ್ಕ್‌ಟಾಪ್ ಫೈಲ್ ವ್ಯಾಲಿಡೇಟ್ ಎಂಬ ಆದೇಶವನ್ನೂ ಓಡಿಸಿದೆವು. ಅದು ಏನೂ ಹೇಳಲಿಲ್ಲ. ಏನೂ ಹೇಳಲಿಲ್ಲವೆಂದರೆ ಎಲ್ಲ ಸರಿಯಿದೆ ಎಂದರ್ಥ.

ಅಷ್ಟರಲ್ಲಿ ಜಾತ್ರೆಯ ಭಿತ್ತಿಪತ್ರದವರು ಬಂದು ಕುಳಿತಿದ್ದರು. ಆಪರೇಟರ್ ಫೋನ್ ಇಟ್ಟು, ಮೂಲೆಯ ಹಳೆಯ ಯಂತ್ರದಲ್ಲಿ ಪೇಜ್‌ಮೇಕರ್ ತೆರೆದು ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಸಿದರು ಎಂದು ಮಾಲೀಕರು ಆಮೇಲೆ ಹೇಳಿದರು. ಹೇಳಿದ ಧಾಟಿ ನನಗೆ ಇಷ್ಟವಾಗಲಿಲ್ಲ.

ಮರುದಿನ ಬೆಳಗಿನ ರೈಲಿನಲ್ಲಿ, ಅಣ್ಣಿಗೇರಿ ದಾಟುವ ಹೊತ್ತಿಗೆ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ: ಮೆನು ಎಂದರೆ ಏನು ಎಂದು ಬುಡದಿಂದ ಯೋಚಿಸಿದೆ. ಲಿನಕ್ಸ್‌ನ ಡೆಸ್ಕ್‌ಟಾಪುಗಳಲ್ಲಿ ಕೆಡಿಇ 1996ರಲ್ಲಿ ಶುರುವಾಯಿತು, ಗ್ನೋಮ್ 1997ರಲ್ಲಿ, ಇಬ್ಬರೂ ತಮ್ಮ ತಮ್ಮ ರೀತಿಯಲ್ಲಿ ಮೆನು ಕಟ್ಟುತ್ತಿದ್ದರು. ಪ್ರೋಗ್ರಾಂ ಬರೆದವನು ಯಾರ ಮನೆಗೆಂದು ಹೆಸರು ಬರೆಸಿಕೊಳ್ಳಬೇಕು? 2000ನೆಯ ಇಸವಿಯಲ್ಲಿ ಹ್ಯಾವಕ್ ಪೆನ್ನಿಂಗ್‌ಟನ್ ಫ್ರೀಡೆಸ್ಕ್‌ಟಾಪ್ ಎಂಬ ಯೋಜನೆ ಆರಂಭಿಸಿದರು. ಇಂದು ಲಿನಕ್ಸ್‌ನ ಮುಖ್ಯ ಡೆಸ್ಕ್‌ಟಾಪುಗಳು ಒಪ್ಪಿಕೊಂಡಿರುವ ಮೆನು ಕಡತದ ನಿಯಮಗಳು ಅಲ್ಲಿ ರೂಪುಗೊಂಡವು. ಡೆಬಿಯನ್ ಮಾತ್ರ ತನ್ನದೇ ಹಳೆಯ ಮೆನು ಪದ್ಧತಿಯನ್ನೂ ಜೊತೆಗೆ ಬಹುಕಾಲ ಹೊತ್ತು ತಿರುಗಿತು. ಎರಡರಲ್ಲಿ ಡಾಟ್ ಡೆಸ್ಕ್‌ಟಾಪ್ ಪದ್ಧತಿಯೇ ಇರಲಿ ಎಂದು ಅದರ ತಾಂತ್ರಿಕ ಸಮಿತಿ ಹೇಳಿದ್ದು 2015ರಲ್ಲಿ.

ಆ ನಿಯಮಗಳ ಪ್ರಕಾರ ಮೆನು ಯಾವ ಪ್ರೋಗ್ರಾಂ ಅನ್ನೂ ಹುಡುಕುವುದಿಲ್ಲ. ಡಿಸ್ಕಿನಲ್ಲಿ ಏನೇನಿದೆ ಎಂದು ಅದಕ್ಕೆ ಗೊತ್ತೂ ಇಲ್ಲ. ಗೊತ್ತುಪಡಿಸಿದ ಕೆಲವು ಫೋಲ್ಡರುಗಳಲ್ಲಿರುವ ಡಾಟ್ ಡೆಸ್ಕ್‌ಟಾಪ್ ಕಡತಗಳನ್ನು ಓದಿ, ಅವು ಹೇಳಿದ್ದನ್ನು ಸಾಲಾಗಿ ತೋರಿಸುತ್ತದೆ. ಊರಿನಲ್ಲಿ ಮನೆ ಇದ್ದ ಮಾತ್ರಕ್ಕೆ ಮತದಾರರ ಪಟ್ಟಿಯಲ್ಲಿ ಹೆಸರು ಬರುವುದಿಲ್ಲವಲ್ಲ, ಹಾಗೆ. ಪಟ್ಟಿಯಲ್ಲಿ ಹೆಸರಿದ್ದವನು ಊರು ಬಿಟ್ಟು ಹೋಗಿರಲೂಬಹುದು. ನಮ್ಮಲ್ಲಿ ಕಡತ ಇತ್ತು, ಪಟ್ಟಿಯ ಅರ್ಜಿಯೂ ಇತ್ತು, ವ್ಯಾಕರಣವೂ ಸರಿಯಿತ್ತು. ಹಾಗಾದರೆ ಅರ್ಜಿಯೊಳಗೇ ನನ್ನನ್ನು ತೋರಿಸಬೇಡ ಎನ್ನುವ ಏನೋ ಒಂದು ಇರಬೇಕು, ಇಲ್ಲವೇ ಆ ಅರ್ಜಿಯನ್ನು ಯಾರೋ ಓದುತ್ತಲೇ ಇಲ್ಲ. ರೈಲು ಹುಲಕೋಟಿ ತಲುಪುವವರೆಗೆ ನಾನು ಎರಡನೆಯ ಊಹೆಗೆ ಅಂಟಿಕೊಂಡಿದ್ದೆ. ಸರಿಯಾದದ್ದು ಮೊದಲನೆಯದು.

ಬೆಟಗೇರಿಗೆ ಹೋದವನು ಈ ಸಲ ಹೋಮ್ ಫೋಲ್ಡರ್‌ನ ಸಹವಾಸವೇ ಬೇಡವೆಂದು ನಿರ್ಧರಿಸಿದೆ. ಆ ಯಂತ್ರವನ್ನು ಆಪರೇಟರ್ ಮತ್ತು ಮಾಲೀಕರು ಬೇರೆ ಬೇರೆ ಲಾಗಿನ್‌ನಲ್ಲಿ ಬಳಸುತ್ತಾರೆ. ಒಬ್ಬರ ಹೋಮ್‌ನಲ್ಲಿರುವ ಮೆನು ಕಡತ ಇನ್ನೊಬ್ಬರಿಗೆ ಕಾಣುವುದಿಲ್ಲ. ಆ್ಯಪ್‌ಇಮೇಜ್ ಅನ್ನು ಇಡೀ ಯಂತ್ರಕ್ಕೆ ಸೇರಿದ ಆಪ್ಟ್ ಎಂಬ ಫೋಲ್ಡರ್‌ಗೆ ಸಾಗಿಸಿದೆ. ಅದರ ಹೆಸರಿನಲ್ಲಿ ಆವೃತ್ತಿಯ ಸಂಖ್ಯೆ ಇರುವುದರಿಂದ, ಸಂಖ್ಯೆಯಿಲ್ಲದ ಹೆಸರಿನ ಒಂದು ಕೊಂಡಿ ಮಾಡಿ ಇದಕ್ಕೆ ತೋರಿಸಿದೆ. ನಾಳೆ ಹೊಸ ಆವೃತ್ತಿ ಬಂದರೆ ಕೊಂಡಿಯ ಮುಖ ತಿರುಗಿಸಿದರೆ ಸಾಕು, ಮೆನು ಕಡತ ಮುಟ್ಟಬೇಕಿಲ್ಲ. ಆಮೇಲೆ ಹೊಸ ಮೆನು ಕಡತವೊಂದನ್ನು ಕೈಯಾರೆ ಬರೆದೆ. ಬಗೆ, ಹೆಸರು, ಎಕ್ಸೆಕ್, ವಿಭಾಗ, ಇಷ್ಟೇ ಸಾಲುಗಳು. ಯುಎಸ್‌ಆರ್ ಒಳಗೆ ಲೋಕಲ್, ಅದರೊಳಗೆ ಶೇರ್, ಅದರೊಳಗೆ ಅಪ್ಲಿಕೇಶನ್ಸ್: ಯಂತ್ರದ ಉಸ್ತುವಾರಿ ನೋಡುವವನು ತಾನಾಗಿ ಸೇರಿಸಿದ ಪ್ರೋಗ್ರಾಂಗಳಿಗೆ ಮೀಸಲಾದ ಜಾಗ ಅದು, ಡೆಬಿಯನ್‌ನ ಪ್ಯಾಕೇಜುಗಳು ಅಲ್ಲಿಗೆ ಕೈ ಹಾಕುವುದಿಲ್ಲ. ಕಡತಕ್ಕೆ ಸ್ಕ್ರೈಬಸ್ ಎಂದೇ ಹೆಸರಿಟ್ಟೆ. ಇದು ಮುಖ್ಯ.

ಮಾಲೀಕರ ಲಾಗಿನ್‌ನಲ್ಲಿ ಮೆನು ತೆರೆದೆ. ಸ್ಕ್ರೈಬಸ್ ಬಂದಿತ್ತು. ಎದೆ ಹಗುರಾಯಿತು. ಕ್ಲಿಕ್ ಮಾಡಿ ನೋಡಲಿಲ್ಲ, ಬಂದಿದೆಯಲ್ಲ ಎಂಬ ಖುಷಿಯಲ್ಲಿ ಬದನೆಕಾಯಿ ಬಜ್ಜಿ ತರಿಸೋಣವೇ ಎಂದು ಮಾಲೀಕರು ಕೇಳಿದ್ದಕ್ಕೆ ಆಗಲಿ ಎಂದೆ. ಆಪರೇಟರ್ ತಮ್ಮ ಲಾಗಿನ್‌ಗೆ ಹೋಗಿ ಮೆನು ತೆರೆದು, ಪರದೆಯನ್ನು ನನ್ನ ಕಡೆ ತಿರುಗಿಸಿದರು. ಏನೂ ಹೇಳಲಿಲ್ಲ.

ಅಲ್ಲಿ ಇರಲಿಲ್ಲ. ಅದೇ ಯಂತ್ರ, ಅದೇ ಡಿಸ್ಕು, ಅದೇ ಕಡತ, ಒಬ್ಬರಿಗೆ ಕಾಣುತ್ತದೆ, ಇನ್ನೊಬ್ಬರಿಗೆ ಇಲ್ಲ. ಕಾಯಿಲೆ ಎಷ್ಟು ವಿಚಿತ್ರವಾದರೆ ಮದ್ದು ಅಷ್ಟು ಹತ್ತಿರ ಇರುತ್ತದೆ ಎಂಬುದು ಈ ಕಸುಬಿನಲ್ಲಿ ನನಗೆ ಆಗಾಗ ಅನ್ನಿಸಿದೆ. ಇಬ್ಬರ ನಡುವೆ ಇರುವ ವ್ಯತ್ಯಾಸವೆಂದರೆ ಹೋಮ್ ಫೋಲ್ಡರ್ ಒಂದೇ. ಆಪರೇಟರ್ ಹೋಮ್‌ನಲ್ಲಿ ಹಿಂದಿನ ದಿನ ಫೋನಿನಲ್ಲಿ ಹಾಕಿಸಿದ್ದ ಕಡತ ಹಾಗೆಯೇ ಉಳಿದಿತ್ತು, ಅದರ ಹೆಸರೂ ಸ್ಕ್ರೈಬಸ್. ಒಂದೇ ಹೆಸರಿನ ಮೆನು ಕಡತ ಎರಡು ಕಡೆ ಇದ್ದರೆ ಹೋಮ್‌ನಲ್ಲಿರುವುದಕ್ಕೇ ಮಾನ್ಯತೆ. ಇಡೀ ಯಂತ್ರಕ್ಕೆ ಸೇರಿದ್ದನ್ನು ಮೆನು ಓದುವುದೇ ಇಲ್ಲ. ಬಳಕೆದಾರ ತನಗೆ ಬೇಕಾದಂತೆ ತಿದ್ದಿಕೊಳ್ಳಲಿ ಎಂದು ಮಾಡಿದ ನಿಯಮ ಅದು, ಒಳ್ಳೆಯ ನಿಯಮವೇ. ಆದರೆ ಹೋಮ್‌ನ ಪ್ರತಿ ಕೆಟ್ಟಿದ್ದರೆ ಅದು ತಾನೂ ಕಾಣಿಸಿಕೊಳ್ಳುವುದಿಲ್ಲ, ಹಿಂದೆ ಇರುವ ಒಳ್ಳೆಯ ಪ್ರತಿಗೂ ಅಡ್ಡ ನಿಲ್ಲುತ್ತದೆ. ಬೇರೆ ಹೆಸರಿಟ್ಟಿದ್ದರೆ ಎರಡನೆಯದು ಕಾಣುತ್ತಿತ್ತು, ಮೊದಲನೆಯದರ ದೋಷ ನನಗೆ ಎಂದೂ ತಿಳಿಯುತ್ತಿರಲಿಲ್ಲ.

ಎರಡೂ ಕಡತಗಳನ್ನು ಪಕ್ಕಪಕ್ಕದಲ್ಲಿ ತೆರೆದು ಓದಿದೆ. ಆಪರೇಟರ್ ಹಿಂದಿನಿಂದ ಬಗ್ಗಿ ನೋಡುತ್ತಿದ್ದರು. ಹದಿನೆಂಟು ವರ್ಷ ಕರಡು ತಿದ್ದಿದ ಕಣ್ಣು, "ನೋಡಿ, ನಾನು ಹೇಳಿದ್ದು ಇದನ್ನೇ. ಎಕ್ಸೆಕ್ ಎರಡು ಇವೆ" ಎಂದು ಬೆರಳಿಟ್ಟು ತೋರಿಸಿದರು.

ಎಕ್ಸೆಕ್ ಸಾಲಿನ ಕೆಳಗೇ ಇತ್ತು: ಟ್ರೈಎಕ್ಸೆಕ್=ಸ್ಕ್ರೈಬಸ್.

ಟ್ರೈಎಕ್ಸೆಕ್ ಮಾಡುವುದು ಇಷ್ಟು: ಮೆನುವಿನಲ್ಲಿ ಹೆಸರು ತೋರಿಸುವ ಮೊದಲು ಈ ಪ್ರೋಗ್ರಾಂ ನಿಜಕ್ಕೂ ಇದೆಯೇ ಎಂದು ನೋಡು, ಇಲ್ಲದಿದ್ದರೆ ಹೆಸರನ್ನೇ ತೋರಿಸಬೇಡ. ಧಾರವಾಡದ ಯಂತ್ರದಲ್ಲಿ ಭಂಡಾರದಿಂದ ಬಂದ ಸ್ಕ್ರೈಬಸ್ ಆ ಹೆಸರಿನಲ್ಲೇ ಇತ್ತು, ಹಾಗಾಗಿ ಅಲ್ಲಿ ಎಲ್ಲ ಸುಸೂತ್ರವಾಗಿತ್ತು. ಬೆಟಗೇರಿಯಲ್ಲಿ ಇದ್ದದ್ದು ಬೇರೆ ಹೆಸರಿನ ಆ್ಯಪ್‌ಇಮೇಜ್. ಎಕ್ಸೆಕ್ ಬದಲಿಸಿದೆ, ಟ್ರೈಎಕ್ಸೆಕ್ ಬದಲಿಸಲಿಲ್ಲ. ಮೆನು ಪ್ರಾಮಾಣಿಕವಾಗಿ ಹುಡುಕಿತು, ಸ್ಕ್ರೈಬಸ್ ಎಂಬುದು ಸಿಗಲಿಲ್ಲ, ಸುಮ್ಮನಾಯಿತು. ವ್ಯಾಕರಣ ಪರೀಕ್ಷಕ ಇದನ್ನು ಹಿಡಿಯುವುದಿಲ್ಲ, ಏಕೆಂದರೆ ಸಾಲಿನಲ್ಲಿ ವ್ಯಾಕರಣದ ತಪ್ಪೇನೂ ಇಲ್ಲ. ಲಗ್ನಪತ್ರಿಕೆಯಲ್ಲಿ ಕಾಗುಣಿತವೆಲ್ಲ ಸರಿಯಿದ್ದು ವರನ ಹೆಸರೇ ಬೇರೆಯವರದಾಗಿದ್ದರೆ ಕರಡು ತಿದ್ದುವವರು ಏನು ಮಾಡಿಯಾರು? ಹೀಗೆ ಕೇಳಿದ್ದಕ್ಕೆ ಆಪರೇಟರ್, ತಾವಾಗಿದ್ದರೆ ಫೋನ್ ಮಾಡಿ ವಿಚಾರಿಸುತ್ತಿದ್ದೆವು ಎಂದರು.

ಹೋಮ್‌ನ ಕಡತ ಅಳಿಸಿದೆ. ಕಣ್ಣೆದುರೇ, ಯಾವ ಮರುಚಾಲನೆಯೂ ಇಲ್ಲದೆ, ಸ್ಕ್ರೈಬಸ್ ಮೆನುವಿಗೆ ಬಂದು ಕುಳಿತಿತು. ಎಕ್ಸ್‌ಎಫ್‌ಸಿಇಯ ಮೆನು ಆ ಫೋಲ್ಡರುಗಳ ಮೇಲೆ ತಾನೇ ನಿಗಾ ಇಟ್ಟಿರುತ್ತದೆ. ಹಿಂದಿನ ದಿನ ಮಾಡಿಸಿದ ಆ ಎಲ್ಲ ಆನ್-ಆಫ್ ಬೇಕಿರಲೇ ಇಲ್ಲ.

ಈಗ ಕ್ಲಿಕ್ ಮಾಡಿದರು. ಬಂದದ್ದು ಒಂದು ಸಂದೇಶ: ಅನುಮತಿ ಇಲ್ಲ.

ಪೆನ್‌ಡ್ರೈವ್ ನೆನಪಾಯಿತು. ಅದು ಫ್ಯಾಟ್ ರೂಪದಲ್ಲಿತ್ತು, ಅಂಗಡಿಯಿಂದ ತಂದ ಹೆಚ್ಚಿನ ಪೆನ್‌ಡ್ರೈವ್‌ಗಳು ಹಾಗೇ ಇರುತ್ತವೆ. ಈ ಕಡತ ಓಡಬಹುದು ಎಂಬ ಗುರುತನ್ನು ಉಳಿಸಿಕೊಳ್ಳುವ ಶಕ್ತಿ ಫ್ಯಾಟ್‌ಗೆ ಇಲ್ಲ. ಆ್ಯಪ್‌ಇಮೇಜ್ ಪೆನ್‌ಡ್ರೈವ್‌ಗೆ ಹೋಗುವಾಗಲೇ ತನ್ನ ಅನುಮತಿಯನ್ನು ಕಳೆದುಕೊಂಡಿತ್ತು, ಬರುವಾಗ ಬರಿಗೈಯಲ್ಲಿ ಬಂದಿತ್ತು. ಹಿಂದಿನ ದಿನ ಆಕೆ ಡಬಲ್ ಕ್ಲಿಕ್ ಮಾಡಲೇ ಎಂದಾಗ ಹೂಂ ಎಂದಿದ್ದರೆ ಇದು ಆಗಲೇ ಗೊತ್ತಾಗುತ್ತಿತ್ತು. ಟರ್ಮಿನಲ್‌ನಲ್ಲಿ ಒಂದು ಸಾಲು, ಅನುಮತಿ ಕೊಟ್ಟದ್ದಾಯಿತು, ಸ್ಕ್ರೈಬಸ್ ತೆರೆಯಿತು. ಬಜ್ಜಿ ಆರಿತ್ತು.

ಉಳಿದದ್ದು ಒಪ್ಪ ಓರಣದ ಕೆಲಸ. ವಿಭಾಗದ ಸಾಲಿನಲ್ಲಿ ಗ್ರಾಫಿಕ್ಸ್ ಎಂದು ಬರೆಯುವ ಅವಸರದಲ್ಲಿ ಕೊನೆಯ ಎಸ್ ಬಿಟ್ಟಿದ್ದೆ. ವಿಭಾಗಗಳ ಹೆಸರು ನಿಯಮದಲ್ಲಿ ಇರುವ ಹಾಗೇ ಇರಬೇಕು. ಅಂಥ ವಿಭಾಗ ಸಿಗದ್ದರಿಂದ ಮೆನು ಅದನ್ನು ಇತರೆ ಎಂಬ ಗುಂಪಿಗೆ ತಳ್ಳಿತ್ತು. ಬೇರೆಲ್ಲೂ ಸೇರದವುಗಳನ್ನು ಹಾಕಲೆಂದೇ ಇರುವ ಗುಂಪು ಅದು. ಹೊಸ ಕಡತವನ್ನು ವ್ಯಾಕರಣ ಪರೀಕ್ಷಕದಲ್ಲಿ ಓಡಿಸಿದ್ದರೆ ಇದನ್ನು ಅದು ಹಿಡಿಯುತ್ತಿತ್ತು, ನಿನ್ನೆಯ ಸಿಟ್ಟಿನಲ್ಲಿ ಓಡಿಸಿರಲಿಲ್ಲ. ಚಿಹ್ನೆಗೆಂದು ಆ್ಯಪ್‌ಇಮೇಜ್ ಗಂಟನ್ನು ಬಿಚ್ಚಿ ಒಳಗಿನ ಚಿತ್ರವನ್ನು ತೆಗೆದು, ಅದರ ಪೂರ್ತಿ ವಿಳಾಸ ಕೊಟ್ಟೆ. ಸ್ಕ್ರೈಬಸ್‌ನ ಕಡತಗಳ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಇದೇ ತೆರೆಯಲಿ ಎಂದು ಕಡತದ ಬಗೆಯನ್ನು ಹೇಳುವ ಮೈಮ್ ಎಂಬ ಸಾಲು ಸೇರಿಸಿ, ಎಕ್ಸೆಕ್‌ನ ಕೊನೆಗೆ ಶೇಕಡಾ ಚಿಹ್ನೆ ಮತ್ತು ಎಫ್ ಹಾಕಿದೆ. ತೆರೆಯಬೇಕಾದ ಕಡತದ ವಿಳಾಸ ಬಂದು ಕೂರುವ ಜಾಗ ಅದು. ಇದಾದ ಮೇಲೆ ಅಪ್‌ಡೇಟ್ ಡೆಸ್ಕ್‌ಟಾಪ್ ಡೇಟಾಬೇಸ್ ಆದೇಶ ಓಡಿಸಬೇಕಾಯಿತು. ಹಿಂದಿನ ದಿನ ಸು‌ಮ್ಮನೆ ದುಡಿದ ಆದೇಶಕ್ಕೆ ಇಲ್ಲಿ ನಿಜವಾದ ಕೆಲಸವಿತ್ತು.

ಕನ್ನಡದ ಸಾಲುಗಳ ಮೇಲೆ ನಾವು ಹೆಚ್ಚು ಹೊತ್ತು ಕುಳಿತೆವು. ಹೆಸರಿನ ಸಾಲಿಗೆ ಚೌಕ ಆವರಣದಲ್ಲಿ ಕೆ ಎನ್ ಎಂಬ ಎರಡಕ್ಷರ ಸೇರಿಸಿದರೆ, ಡೆಸ್ಕ್‌ಟಾಪ್ ಕನ್ನಡದಲ್ಲಿ ಓಡುತ್ತಿರುವಾಗ ಮೆನು ಆ ಹೆಸರನ್ನೇ ತೋರಿಸುತ್ತದೆ. ವಿವರಣೆಗೂ ಹುಡುಕುವ ಪದಗಳಿಗೂ ಹೀಗೇ ಮಾಡಬಹುದು. ನಾನು ವಿವರಣೆಯಲ್ಲಿ "ಪುಟ ವಿನ್ಯಾಸ ತಂತ್ರಾಂಶ" ಎಂದು ಬರೆದೆ. ಆಪರೇಟರ್ ಓದಿ, ಇದನ್ನು ಯಾರು ಹುಡುಕುತ್ತಾರೆ ಎಂದರು. ನೀವು ಏನೆಂದು ಹುಡುಕುತ್ತೀರಿ ಎಂದು ಕೇಳಿದೆ. ಸ್ವಲ್ಪ ಯೋಚಿಸಿ ಒಂದೊಂದೇ ಹೇಳಿದರು: ಲಗ್ನಪತ್ರಿಕೆ, ಪತ್ರಿಕೆ, ಭಿತ್ತಿಪತ್ರ, ಪಾಂಪ್ಲೆಟ್, ಬಿಲ್ ಬುಕ್. ಕೊನೆಗೆ, ಸ್ವಲ್ಪ ತಡೆದು, ಪೇಜ್‌ಮೇಕರ್. ಎಲ್ಲವನ್ನೂ ವಿವರಣೆಯಲ್ಲೂ ಹುಡುಕುವ ಪದಗಳಲ್ಲೂ ಹಾಕಿದೆ. ಮೆನುವಿನ ಹುಡುಕುವ ಜಾಗದಲ್ಲಿ ನುಡಿ ವಿನ್ಯಾಸದ ಕೀಲಿಮಣೆಯಿಂದ "ಲಗ್ನ" ಎಂದು ಹೊಡೆಯುವಷ್ಟರಲ್ಲಿ ಸ್ಕ್ರೈಬಸ್ ಎದ್ದು ನಿಂತಿತು. ಆರು ವಾರಗಳಲ್ಲಿ ಆ ಯಂತ್ರದ ಕಡೆ ಅವರು ನಕ್ಕದ್ದನ್ನು ನಾನು ನೋಡಿದ್ದು ಆಗಲೇ.

ಇಷ್ಟೆಲ್ಲ ಕೈಯಾರೆ ಏಕೆ, ಮೆನು ತಿದ್ದಲು ಮೆನುಲಿಬ್ರೆಯಂಥ ಪ್ರೋಗ್ರಾಂಗಳಿವೆಯಲ್ಲ ಎಂದು ಕೇಳುವವರಿದ್ದಾರೆ. ಇವೆ. ಒಂಟಿ ಬಳಕೆದಾರನಿಗೆ ಸಾಕು ಕೂಡ. ನನಗೆ ಅವುಗಳ ಬಗ್ಗೆ ಇರುವ ಅನುಮಾನ ಬೇರೆ: ಯಂತ್ರಕ್ಕೆ ಸೇರಿದ ಒಂದು ಮೆನು ಹೆಸರನ್ನು ಅಲ್ಲಿ ಸ್ವಲ್ಪ ತಿದ್ದಿದರೂ ಸಾಕು, ಕಡತದ ಪೂರ್ತಿ ನಕಲೊಂದು ಸದ್ದಿಲ್ಲದೆ ಹೋಮ್‌ನಲ್ಲಿ ಕುಳಿತುಬಿಡುತ್ತದೆ. ಎರಡು ವರ್ಷದ ಮೇಲೆ ಪ್ರೋಗ್ರಾಂ ಬದಲಾಗಿ ಮೂಲ ಕಡತ ಬದಲಾದರೂ ಆ ಹಳೆಯ ನಕಲು ಮುಂದೆ ನಿಂತು ದಾರಿ ತಡೆಯುತ್ತಿರುತ್ತದೆ. ಬೆಟಗೇರಿಯಲ್ಲಿ ಒಂದೇ ದಿನದಲ್ಲಿ ಆದದ್ದು ಅದೇ, ಅಲ್ಲಿ ನಕಲು ಕೂರಿಸಿದವನು ನಾನು ಎಂಬುದಷ್ಟೇ ವ್ಯತ್ಯಾಸ. ಈಗ ಯಾರದೇ ಮೆನುವಿನಲ್ಲಿ ಏನಾದರೂ ಕಾಣದಿದ್ದರೆ ಮೊದಲು ಹೋಮ್‌ನ ಆ ಅಡಗಿದ ಫೋಲ್ಡರ್ ತೆರೆಯುತ್ತೇನೆ, ಆಮೇಲೆ ಕಡತವನ್ನು ಮೇಲಿನಿಂದ ಕೆಳಗೆ ಗಟ್ಟಿಯಾಗಿ ಓದುತ್ತೇನೆ. ಮನಸ್ಸಿನಲ್ಲಿ ಓದಿದರೆ ಟ್ರೈಎಕ್ಸೆಕ್‌ನಂಥ ಸಾಲುಗಳು ಜಾರಿಹೋಗುತ್ತವೆ.

ಎರಡು ತಿಂಗಳ ನಂತರ ಬಣ್ಣದ ಪ್ರಿಂಟರ್ ಜೋಡಿಸಲು ಅಲ್ಲಿಗೆ ಹೋಗಿದ್ದೆ. ಮೆನುವಿನಲ್ಲಿ ನಾನು ಹಾಕಿರದ ಒಂದು ಹೆಸರಿತ್ತು: ಹಳೆಯ ಪತ್ರಿಕೆಗಳು. ಆಪರೇಟರ್ ನನ್ನ ಸ್ಕ್ರೈಬಸ್ ಕಡತವನ್ನು ನಕಲು ಮಾಡಿ, ಎಕ್ಸೆಕ್ ಸಾಲಿನಲ್ಲಿ ಕಡತ ವ್ಯವಸ್ಥಾಪಕದ ಹೆಸರು ಬರೆದು, ಮುಂದೆ ತಮ್ಮ ಹಳೆಯ ವಿನ್ಯಾಸಗಳ ಫೋಲ್ಡರ್‌ನ ವಿಳಾಸ ಕೊಟ್ಟಿದ್ದರು. "ಒತ್ತಿದರೆ ಎರಡು ದೋಷ ಬರುತ್ತವೆ, ಫೋಲ್ಡರ್ ಬರುವುದಿಲ್ಲ" ಎಂದರು. ಸಾಲು ನೋಡಿದೆ. ಫೋಲ್ಡರ್‌ನ ಹೆಸರಿನಲ್ಲಿ ಎರಡು ಪದ, ನಡುವೆ ಒಂದು ಖಾಲಿ ಜಾಗ. ಯಂತ್ರ ಅದನ್ನು ಎರಡು ವಿಳಾಸವೆಂದು ತಿಳಿದು ಎರಡನ್ನೂ ಹುಡುಕಿ ಸೋಲುತ್ತಿತ್ತು. ವಿಳಾಸದ ಎರಡೂ ತುದಿಗೆ ಉದ್ಧರಣ ಚಿಹ್ನೆ ಹಾಕಿ ಉಳಿಸಿದೆ. ಫೋಲ್ಡರ್ ತೆರೆಯಿತು, 2006ರಿಂದ ಸಾಲಾಗಿ. ಕಡತ ಮುಚ್ಚುವ ಮೊದಲು ಇನ್ನೊಮ್ಮೆ ಮೇಲಿನಿಂದ ಓದಿದೆ. ಟ್ರೈಎಕ್ಸೆಕ್ ಸಾಲು ಎಲ್ಲೂ ಇರಲಿಲ್ಲ.